ವಾಷಿಂಗ್ ಮಷಿನ್‌ಗೆ ಪ್ಲೈ ಗೂಡು ಮಾಡಿಸುವ ಮುಂಚೆ ಡ್ರೈನ್ ನೋಡಿ

ಮೇಡಂ, ನೀವು ಗುಂಪಿನಲ್ಲಿ ಹಾಕಿರೋ ಡ್ರಾಯಿಂಗ್ ನೋಡಿದೆ. ಫ್ರಂಟ್ ಲೋಡ್ ಮಷಿನ್‌ಗೆ ಅಳೆದಿಟ್ಟಂತೆ 60 ಸೆಂ.ಮೀ. ಗೂಡು, ಮುಂದೆ ಬಾಗಿಲು, ಮಷಿನ್ ಹಿಂದೆಯೇ ನಲ್ಲಿ ಮತ್ತು ಪ್ಲಗ್ ಪಾಯಿಂಟ್, ಡ್ರೈನ್ ಪೈಪು ಸೀದಾ ನೆಲದ ಜಾಲರಿಗೆ. ದಯವಿಟ್ಟು ಕಾರ್ಪೆಂಟರ್‌ಗೆ ಅಡ್ವಾನ್ಸ್ ಕೊಡಬೇಡಿ. ಇಲ್ಲಿ ಇದೇ ತಪ್ಪು ಮತ್ತೆ ಮತ್ತೆ ಬರ್ತಿದೆ. ಲ್ಯಾಮಿನೇಟ್ ಬಣ್ಣ ಎಲ್ಲರೂ ಕೇಳ್ತಾರೆ, ಡ್ರೈನ್ ಎತ್ತರ ಯಾರೂ ಕೇಳಲ್ಲ.

ಮೊದಲು ಅದನ್ನೇ ಸರಿ ಮಾಡಿ. ಪಂಪ್ ಇರೋ ಮಷಿನ್‌ನ ಡ್ರೈನ್ ಪೈಪನ್ನು ನೆಲದ ಮಟ್ಟದಲ್ಲಿ ಬಿಟ್ಟರೆ ಸೈಫನ್ ಆಗುತ್ತೆ. ಮೇಲಿಂದ ನೀರು ತುಂಬ್ತಾ ಇರುತ್ತೆ, ಕೆಳಗಿಂದ ತಾನಾಗೇ ಹರಿದು ಹೋಗ್ತಾ ಇರುತ್ತೆ. ಬೇಕಾದಷ್ಟು ನೀರು ನಿಲ್ಲದೆ ಮಷಿನ್ ಮತ್ತೆ ಮತ್ತೆ ನೀರು ಎಳೆಯುತ್ತೆ, ಹಾಕಿದ ಪೌಡರ್ ಅರ್ಧಕ್ಕರ್ಧ ಜಾಲರಿ ಪಾಲು, ಕೊನೆಗೆ ನೀರು ಬರ್ತಿಲ್ಲ ಅಂತ ಎರರ್. ಆಗ ನೀರು ಒಳಗೆ ಬಿಡೋ ಇನ್‌ಲೆಟ್ ವಾಲ್ವ್ ಬದಲಾಯಿಸ್ತಾರೆ, ಅದರಲ್ಲಿ ಏನೂ ದೋಷ ಇರಲ್ಲ. ಗೋಡೆಗೆ 50 ಎಂ.ಎಂ. ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿ, ಅದರ ಬಾಯಿ ನೆಲದಿಂದ 60ರಿಂದ 90 ಸೆಂ.ಮೀ. ಮೇಲಿರಲಿ. ಅದಕ್ಕಿಂತ ತೀರಾ ಎತ್ತರ ಆದರೆ ಪಂಪಿಗೆ ಭಾರ. ಮಷಿನ್ ಜೊತೆ ಬರೋ ಪ್ಲಾಸ್ಟಿಕ್ ಕೊಕ್ಕೆ ಎಸೆಯಬೇಡಿ, ಡ್ರೈನ್ ಪೈಪನ್ನು ಅದರಲ್ಲಿ ಬಗ್ಗಿಸಿ ಪಿವಿಸಿ ಪೈಪಿನ ಒಳಗೆ 10–15 ಸೆಂ.ಮೀ. ಮಾತ್ರ ಇಳಿಸಿ, ಜಾರದ ಹಾಗೆ ಕಟ್ಟಿ. ಸುತ್ತಲಿನ ಸಂದಿಗೆ ಟೇಪು, ಸಿಲಿಕೋನ್ ಖಂಡಿತ ಬೇಡ. ಅಲ್ಲಿ ಗಾಳಿ ಆಡದಿದ್ದರೆ ಮತ್ತೆ ಸೈಫನ್. ಕೆಳಗೆ ಟ್ರ್ಯಾಪ್ (ನೀರು ನಿಲ್ಲೋ ಬಾಗಿದ ಪೈಪು) ಇರಲೇಬೇಕು, ಇಲ್ಲದಿದ್ದರೆ ಚರಂಡಿ ವಾಸನೆ ಒಳಗೆ ಬರುತ್ತೆ.

ಇದನ್ನು ಓದಿ ಸೆಮಿ ಆಟೊಮ್ಯಾಟಿಕ್ ಇರೋರು ಪೈಪು ಮೇಲೆ ಕಟ್ಟಬೇಡಿ. ಪಂಪ್ ಇಲ್ಲದ ಮಷಿನ್‌ಗೆ ನೀರು ಇಳಿಜಾರಲ್ಲೇ ಹೋಗಬೇಕು. ನಿಮ್ಮ ಮಾಡೆಲ್ಲಿನ ಎತ್ತರ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಅದೇ ಅಂತಿಮ.

ಇನ್ನು ಗೂಡು. 60 ಸೆಂ.ಮೀ. ಮಷಿನ್‌ಗೆ ಒಳ ಅಗಲ 65 ಆದರೂ ಬೇಕು, ಹಿಂದೆ 10 ಸೆಂ.ಮೀ. ಖಾಲಿ. ಗೋಡೆಗೆ ಒತ್ತಿ ನಿಲ್ಲಿಸಿದರೆ ಇನ್‌ಲೆಟ್ ಪೈಪು ಮಡಚಿಕೊಳ್ಳುತ್ತೆ, ಸ್ಪಿನ್‌ನಲ್ಲಿ ಉಜ್ಜಿ ಉಜ್ಜಿ ಒಂದಿನ ಸೀಳುತ್ತೆ. ನಲ್ಲಿ, ಸ್ವಿಚ್ಚು ಪಕ್ಕದ ಗೋಡೆಗೆ ತನ್ನಿ. ಪೈಪು ಸೀಳಿದಾಗ ನಲ್ಲಿ ತಿರುಗಿಸೋಕೆ ಮಷಿನ್ ಎಳೆಯೋ ಹಾಗಿರಬಾರದು. ಅರ್ಥಿಂಗ್ ಇರೋ ಪವರ್ ಪಾಯಿಂಟ್ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕೆಳಗೆ ಅಡ್ಡಪಟ್ಟಿ ಹೊಡೆಸಬೇಡಿ, ಪಂಪ್ ಫಿಲ್ಟರ್ ಮುಚ್ಚಳ ಅಲ್ಲೇ ಇರೋದು. ಪಾರ್ಟಿಕಲ್ ಬೋರ್ಡ್ ಒಂದು ಸಲ ನೀರು ಕುಡಿದರೆ ಅಂಚು ಉಬ್ಬಿ ಪುಡಿಯಾಗುತ್ತೆ, ನೀರು ತಡೆಯೋ ಮರೈನ್ ಪ್ಲೈ ಹಾಕಿಸಿ.

ಗೂಡಿಗೆ ಮುಂಬಾಗಿಲು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಗೆದಾದ ಮೇಲೆ ಮಷಿನ್ ಬಾಗಿಲು, ಪೌಡರ್ ಡ್ರಾಯರ್ ಎರಡೂ ತೆರೆದಿರಬೇಕು. ಮಷಿನ್ ಬಾಯಿ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ಟಿನ ಕೆಳಮಡಿಕೆ ಬಿಡಿಸಿ ನೋಡಿ: ಕೂದಲು, ದಾರದ ಎಳೆ, ಬೂದು ಲೋಳೆ, ಅದರ ಮೇಲೆ ಕಪ್ಪು ಚುಕ್ಕಿ. ಬಟ್ಟೆಗೆ ಬರೋ ಮುಗ್ಗಲು ವಾಸನೆ ಅಲ್ಲಿಂದ, ಪೌಡರ್ ಬದಲಾಯಿಸಿದರೆ ಹೋಗಲ್ಲ. ಅಲ್ಲಿ ಒಣ ಬಟ್ಟೆಯಲ್ಲಿ ಒರೆಸಿ. ಸರ್ಫೋ ಏರಿಯಲ್ಲೋ ಅನ್ನೋ ಜಗಳ ಬಿಡಿ, ಫ್ರಂಟ್ ಲೋಡ್ ಅಂತ ಬರೆದ ಕಡಿಮೆ ನೊರೆಯದ್ದು ಸಾಕು.

ಚಕ್ರದ ಸ್ಟ್ಯಾಂಡ್ ಯಾವ ಕಂಪನಿದಾದರೂ ಬೇಡ. ಮಷಿನ್ ನೆಲದ ಮೇಲೇ ಕೂತು, ಎದುರುಬದುರು ಮೂಲೆ ಒತ್ತಿದರೆ ಅಲ್ಲಾಡಬಾರದು. ನೆಲ ಜಾಲರಿ ಕಡೆ ಇಳಿಜಾರಿದ್ದರೆ ಮಷಿನ್ ಕಾಲು ತಿರುಗಿಸಿ ಸರಿಮಾಡಿ, ಆಮೇಲೆ ಲಾಕ್ ನಟ್ ಬಿಗಿ ಮಾಡಿ. ಇದನ್ನು ಮರೆತರೆ ಲೆವೆಲ್ ಮತ್ತೆ ತಪ್ಪುತ್ತೆ. ಹೊಸ ಮಷಿನ್ ಆದರೆ ಹಿಂದಿನ ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ ಅಲ್ಲಾಡದಂತೆ ಹಾಕೋದು) ಬಿಚ್ಚಿದ್ದಾರಾ ನೋಡಿ, ಬಿಚ್ಚಿದ್ದನ್ನು ಎತ್ತಿಡಿ, ಮನೆ ಬದಲಾಯಿಸುವಾಗ ಬೇಕು.

ಬಾಗಿಲು ಸಾಮಾನ್ಯವಾಗಿ ಎಡಕ್ಕೆ ತೆರೆಯೋದರಿಂದ ಬುಟ್ಟಿ, ಬಟ್ಟೆ ಮಡಚೋ ಹಲಗೆ ಬಲಕ್ಕಿರಲಿ. ಬಿಳಿ, ಬಣ್ಣ, ದಪ್ಪ ಬಟ್ಟೆಗೆ ತೂತಿರೋ ಬುಟ್ಟಿ ಮೂರು ಸಾಕು, ಒದ್ದೆ ಟವೆಲ್ ಮಾತ್ರ ಯಾವುದಕ್ಕೂ ಹಾಕಬೇಡಿ. ಮೇಲಿನ ಶೆಲ್ಫ್ 30 ಸೆಂ.ಮೀ. ಆಳ ಸಾಕು. ಡ್ರಾಯಿಂಗ್‌ನಲ್ಲಿ ಬ್ಲೀಚ್, ಟಾಯ್ಲೆಟ್ ಆ್ಯಸಿಡ್ ಒಂದೇ ಖಾನೆಗೆ ತೋರಿಸಿದ್ದೀರಿ. ಎರಡೂ ಸೋರಿ ಬೆರೆತರೆ ಕ್ಲೋರಿನ್ ಅನಿಲ ಏಳುತ್ತೆ. ಆ್ಯಸಿಡ್ ಬಾಟಲಿ ಆ ಕೋಣೆಯಲ್ಲೇ ಬೇಡ, ಮಕ್ಕಳ ಕೈಗೆ ಸಿಗದ ಬೇರೆ ಜಾಗ ನೋಡಿ.