ಪ್ರವೇಶದ್ವಾರದಲ್ಲಿ ಇಳಿಜಾರು ಹಾದಿ ಇದ್ದರೆ ಕಟ್ಟಡ ಅಂಗವಿಕಲರಿಗೆ ಸುಗಮವಾದಂತೆಯೇ?

ಇಲ್ಲ, ಅದು ಆರಂಭ ಮಾತ್ರ. ಆ ಹಾದಿಯನ್ನೂ ಸರಿಯಾದ ಅಳತೆಯಲ್ಲಿ ಕಟ್ಟಿರಬೇಕು. ಸಾಮಾನ್ಯವಾಗಿ ಒಪ್ಪಿತವಾದ ಇಳಿಜಾರಿನ ಪ್ರಮಾಣ 1:12, ಅಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೂ ಕನಿಷ್ಠ 180 ಸೆಂಟಿಮೀಟರ್ ಉದ್ದದ ಹಾದಿ ಬೇಕು. ಅದಕ್ಕಿಂತ ಕಡಿದಾಗಿದ್ದರೆ ಗಾಲಿಕುರ್ಚಿ ಬಳಸುವ ಅನೇಕರು ಸ್ವಂತ ಬಲದಿಂದ ಏರಲಾರರು, ಇಳಿಯುವಾಗ ಉರುಳುವ ಅಪಾಯವೂ ಇರುತ್ತದೆ. ಒಳಗೆ ಹೋದ ಮೇಲೆ ಶೌಚಾಲಯದ ಬಾಗಿಲು ಕಿರಿದಾಗಿದ್ದರೆ, ಅಥವಾ ಅಲ್ಲಿ ಕುರ್ಚಿಯನ್ನು ತಿರುಗಿಸಲು ಸುಮಾರು 1.5 ಮೀಟರ್ ವ್ಯಾಸದ ಜಾಗವಿಲ್ಲದಿದ್ದರೆ, ಅವರು ಆ ಕಟ್ಟಡದಲ್ಲಿ ಅರ್ಧ ದಿನ ಕಳೆಯುವುದೂ ಕಷ್ಟ. ನನ್ನ ದೃಷ್ಟಿಯಲ್ಲಿ ಅತ್ಯಂತ ಕಡೆಗಣನೆಗೆ ಒಳಗಾಗಿರುವ ಸಂಗತಿ ಇದೇ.

ದೃಷ್ಟಿಯಿಲ್ಲದವರಿಗೆ ಲಿಫ್ಟ್‌ನಲ್ಲಿ ಬ್ರೈಲ್ ಗುಂಡಿ ಮತ್ತು ಧ್ವನಿ ಸೂಚನೆ, ಕಿವಿ ಕೇಳದವರಿಗೆ ಬೆಳಕಿನಿಂದಲೂ ಎಚ್ಚರಿಸುವ ಬೆಂಕಿ ಅಲಾರಂ ಬೇಕು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಸುಗಮ ಬಳಕೆಯ ಕುರಿತಾದ 9ನೇ ವಿಧಿಯು ಕಟ್ಟಡದ ಜೊತೆಗೆ ಸಾರಿಗೆ, ಮಾಹಿತಿ ಮತ್ತು ಸೇವೆಗಳನ್ನೂ ಒಳಗೊಂಡಿದೆ. ಅರ್ಜಿ ನಮೂನೆಯನ್ನು ಬರಿಯ ಚಿತ್ರವಾಗಿ ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿನ ಅಕ್ಷರಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ನಕ್ಷೆಯ ಹಂತದಲ್ಲಿಯೇ ಬೇರೆ ಬೇರೆ ವೈಕಲ್ಯವುಳ್ಳವರನ್ನು ಕರೆದು, ಅವರು ಬಳಸುವ ಕ್ರಮವನ್ನು ಕೇಳಿ ತಿಳಿಯುವುದು ಅಗತ್ಯ.