ಹೊಸ್ತಿಲು ಕಿತ್ತೆಸೆಯಬೇಕೆ?

ಪ್ರಶ್ನೆ: ನಮ್ಮದು ಹಳೆಯ ಮನೆ, ಹಲಸಿನ ಮರದ ಹೊಸ್ತಿಲು. ನಡುವೆ ಸವೆದು ಕುಳಿ ಬಿದ್ದಿದೆ, ಬಲತುದಿ ಮೆತ್ತಗಾಗಿದೆ. ಕಿತ್ತು ಗ್ರಾನೈಟ್ ಹಾಕಿಸಿ ಎನ್ನುತ್ತಾರೆ ಬಡಗಿ. ಮನೆಯವರಿಗೆ ಮನಸ್ಸಿಲ್ಲ. ಉಳಿಸಬಹುದೇ?
— ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ಉಳಿಸಬಹುದು. ನಡುವಿನ ಕುಳಿಯ ಚಿಂತೆ ಬಿಡಿ. ತಲೆಮಾರುಗಳ ಕಾಲು ತುಳಿದು ಆದದ್ದು ಅದು. ಹೊಸ್ತಿಲು ನೆಲದ ಮೇಲೆ ಪೂರ್ತಿ ಕೂತಿರುವುದರಿಂದ ಬಲಕ್ಕೇನೂ ಕುಂದಿಲ್ಲ. ಪುಟ್ಟಿ ತುಂಬಿದರೆ ಓಡಾಟಕ್ಕೆ ಎದ್ದುಬರುತ್ತದೆ, ನೋಡಲೂ ಚೆಂದವಿಲ್ಲ.

ನಿಜವಾದ ತೊಂದರೆ ತುದಿಯದು. ಮರ ಹೆಚ್ಚು ನೀರು ಹೀರುವುದು ಮೈಯಿಂದಲ್ಲ, ಕೊಯ್ದ ತುದಿಯಿಂದ. ತುದಿ ಗೋಡೆಯೊಳಗೆ ಸಿಮೆಂಟಿಗೆ ಅಂಟಿಕೊಂಡಿದ್ದರೆ ಆ ಪಸೆ ಆರುವುದೇ ಇಲ್ಲ. ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತುತ್ತ ಬನ್ನಿ. ಗಟ್ಟಿ ಹಲಸಿಗೆ ಮೊನೆ ಇಳಿಯದು; ಸಲೀಸಾಗಿ ಅರ್ಧ ಸೆಂಟಿಮೀಟರ್ ಇಳಿದಲ್ಲಿ ಕುಂಬಾಗಿದೆ ಎಂದೇ ಅರ್ಥ. ಪಕ್ಕದಲ್ಲಿ ಮಣ್ಣಿನ ಗೆರೆ ಕಂಡರೆ ಗೆದ್ದಲು. ಮೊದಲು ನೆಲದ ಮಣ್ಣಿಗೆ ಔಷಧಿ ಮಾಡಿಸಿ, ಆಮೇಲೆ ಮರದ ಕೆಲಸ.

ಕುಂಬು ಒಂದು ಅಡಿಯೊಳಗಿದ್ದರೆ ಅಷ್ಟನ್ನೇ ಕೊಯ್ದು, ಒಣಗಿದ ಹಳೆಯ ಹಲಸಿನ ತುಂಡು ಕೂಡಿಸಿ. ಎರಡನ್ನೂ ಅರ್ಧರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂರಿಸಬೇಕು. ಮರದ ದಪ್ಪ ಮೂರು ಇಂಚಾದರೆ ಕೂಡು ಒಂಬತ್ತು ಇಂಚಾದರೂ ಇರಲಿ. ಎಪಾಕ್ಸಿ ಅಂಟು ಹಾಕಿ, ಎರಡು ಮರದ ಮೊಳೆ ಹೊಡೆಸಿ. ಅಂಟು ಒಣಗಿದ ಮೇಲೆ ಅಡಿಭಾಗಕ್ಕೂ ತುದಿಗೂ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ. ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗೋಡೆಗೂ ತುದಿಗೂ ನಡುವೆ ಅರ್ಧ ಬೆರಳಿನ ಅಗಲದಷ್ಟು ಸಂದು ಬಿಡಿಸಿ, ಸಿಮೆಂಟು ತುಂಬಲು ಬಿಡಬೇಡಿ. ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ.

ಮೇಲ್ಮೈಗೆ ಕಾಯಿಸಿದ ಅಗಸೆ ಎಣ್ಣೆ (ಬಾಯಿಲ್ಡ್ ಲಿನ್ಸೀಡ್ ಆಯಿಲ್). ಮೊದಲ ಸಲ ಸಮಪಾಲು ಟರ್ಪೆಂಟೈನ್ ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಮಿಕ್ಕದ್ದನ್ನು ಒರೆಸಿ. ಒಂದೊಂದು ದಿನ ಬಿಟ್ಟು ಇನ್ನೆರಡು ಸಲ ಬರಿ ಎಣ್ಣೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡ. ಅವು ಒಣಗಿ ಗಟ್ಟಿಯಾಗುವುದಿಲ್ಲ, ಧೂಳು ಹಿಡಿಯುತ್ತವೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.

ಪ್ರಶ್ನೆ: ಹೊಸ್ತಿಲಿನ ಅರಿಶಿನ ಸೋಪಿನ ನೀರು ತಾಗಿ ಕೆಂಪಾಗುತ್ತದೆ. ಹಳದಿ ಪೇಂಟ್ ಬಳಿದುಬಿಡಲೇ?
— ಗೃಹಿಣಿ, ಮಂಡ್ಯ

ಉತ್ತರ: ದಯವಿಟ್ಟು ಬೇಡ. ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ; ಅರಿಶಿನದ ಕುಂಕುಮಕ್ಕೆ ಬಣ್ಣ ಬರುವುದೂ ಹೀಗೇ. ನಾಲ್ಕು ಹನಿ ನಿಂಬೆರಸ ಹಾಕಿದ ನೀರಲ್ಲಿ ಒರೆಸಿ, ಮತ್ತೆ ಹಳದಿಯಾಗುತ್ತದೆ. ಎಣ್ಣೆ ಪೇಂಟ್ ಬಳಿದರೆ ಅಡಿಯಿಂದ ಏರಿದ ತೇವ ಹೊರಹೋಗಲು ದಾರಿಯಿಲ್ಲದೆ, ಮೇಲೆ ಮಿಂಚುತ್ತಿದ್ದರೂ ಒಳಗೆ ಮರ ಕೊಳೆಯುತ್ತದೆ. ದಿನಾ ಚೊಂಬುಗಟ್ಟಲೆ ನೀರು ಸುರಿಯುವ ಬದಲು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಅರಿಶಿನ ಹಚ್ಚಿ.