ಇದ್ದಿಲಿಗೆ ತಾಮ್ರ ಯಾಕೆ?

ಪ್ರಶ್ನೆ: ವಿಷಾನಿಲ ತಡೆಯುವ ಮಾಸ್ಕಿನ ಡಬ್ಬಿಯಲ್ಲಿ ಇದ್ದಿಲಿನ ಜೊತೆ ತಾಮ್ರ, ಬೆಳ್ಳಿ ಕೂಡ ಇರುತ್ತವಂತೆ. ಬರೀ ಇದ್ದಿಲು ಸಾಲದೇ? ಸೀಲ್ ಒಡೆದು ವರ್ಷವಾದ ಡಬ್ಬಿಯನ್ನು ಬಳಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬೇಡ. ಇಂಥ ಡಬ್ಬಿಗಳನ್ನು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ತೇವ ಹೀರಿ ಸತ್ವ ಕಳೆದುಕೊಂಡ ಇದ್ದಿಲು ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ.

ಇನ್ನು ತಾಮ್ರ. ಸಕ್ರಿಯ ಇದ್ದಿಲು, ಅಂದರೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವಂತೆ ಸಿದ್ಧಪಡಿಸಿದ ಇದ್ದಿಲು; ಒಂದು ಗ್ರಾಂನ ಒಳಮೈ ಸುಮಾರು 1000 ಚದರ ಮೀಟರ್. ಬೆಂಜೀನ್‌ನಂಥ ಭಾರದ ಆವಿ ಆ ರಂಧ್ರಗಳಲ್ಲಿ ಸಿಕ್ಕಿಬೀಳುತ್ತದೆ. ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹಾಗಲ್ಲ. ಪುಟ್ಟ ಅಣು, ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬರೀ ಇದ್ದಿಲಿಗೆ ಅದನ್ನು ಹಿಡಿದಿಡಲು ಆಗದು. ಆದ್ದರಿಂದ ಇದ್ದಿಲನ್ನು ತಾಮ್ರದ ಲವಣದ ದ್ರಾವಣದಲ್ಲಿ ನೆನೆಸಿ, ಕಾಯಿಸಿ ಒಣಗಿಸುತ್ತಾರೆ. ಆಗ ಅನಿಲ ಬರೀ ಅಂಟಿಕೊಳ್ಳುವುದಿಲ್ಲ, ರಾಸಾಯನಿಕವಾಗಿ ಬದಲಾಗುತ್ತದೆ. ಬೆಳ್ಳಿ ಇರುವುದು ಆರ್ಸೀನ್ ಎಂಬ, ಆರ್ಸೆನಿಕ್ ಇರುವ ವಿಷಾನಿಲಕ್ಕಾಗಿ.

ಸಯನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಾನಿಲ ತಡೆಯಲು ಹಿಂದೆ ಕ್ರೋಮಿಯಂ ಸೇರಿಸುತ್ತಿದ್ದರು. ಕ್ರೋಮಿಯಂ-6 ಎನ್ನುವ ಅದರ ರೂಪ ಕ್ಯಾನ್ಸರ್‌ಕಾರಕ! ಉಸಿರು ಕಾಯುವ ಡಬ್ಬಿಯೊಳಗೇ ಅದು ಅಷ್ಟು ಕಾಲ ಇದ್ದದ್ದು ನನಗಂತೂ ಸರಿಕಾಣದು. ಈಗ ಅದರ ಬದಲು ಸತು, ಮಾಲಿಬ್ಡಿನಂ, ಟ್ರೈಎಥಿಲೀನ್‌ಡೈಅಮೀನ್ ಎಂಬ ಸಾವಯವ ರಾಸಾಯನಿಕ ಬಳಸುತ್ತಾರೆ.

ಆದರೂ ಇಂಥ ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನು ತಡೆಯದು. ಅದಕ್ಕೆ ಹಾಪ್ಕಲೈಟ್ ಎಂಬ ಬೇರೆಯೇ ಮಿಶ್ರಣವಿದೆ. ಆಮ್ಲಜನಕ ಕಡಿಮೆಯಿರುವ ಗುಂಡಿ, ಟ್ಯಾಂಕುಗಳಿಗೆ ಯಾವ ಡಬ್ಬಿಯನ್ನೂ ನಂಬಿ ಇಳಿಯಬೇಡಿ. ಅಲ್ಲಿ ಶುದ್ಧ ಗಾಳಿಯನ್ನೇ ಒದಗಿಸುವ ಉಪಕರಣ ಬೇಕು.